ಪ್ಲೇಟು ಬದಲಾದ ಮೇಲೂ ಅದೇ ಗಾಡಿಯೇ?

ಹಳೆಯ ಮೋಟಾರ್ ಸೈಕಲ್ಲಿನ ಕ್ಲಚ್ಚು ಇಂಜಿನ್ನಿನ ಬಲವನ್ನು ಗೇರ್ ಬಾಕ್ಸಿಗೆ ದಾಟಿಸುತ್ತದೆ. ಸವಾರ ಲಿವರ್ ಹಿಡಿದಾಗ ಅದೇ ಬಲವನ್ನು ತಡೆದು ನಿಲ್ಲಿಸುತ್ತದೆ. ಜಾವಾ, ಬುಲೆಟ್‌ನಂಥ ಗಾಡಿಗಳಲ್ಲಿ ಈ ಕೆಲಸ ನಡೆಯುವುದು ಎಣ್ಣೆಯಲ್ಲಿ ನೆನೆದ ಒಂದು ಡ್ರಮ್ಮಿನೊಳಗೆ. ಕಾರ್ಕ್ ಕೂರಿಸಿದ ಪ್ಲೇಟು, ಅದರ ಮೇಲೆ ಬರಿಯ ಉಕ್ಕಿನ ಪ್ಲೇಟು, ಮತ್ತೆ ಕಾರ್ಕಿನದು, ಹೀಗೆ ಒಂದರ ಮೇಲೊಂದು ಕೂತು ಸ್ಪ್ರಿಂಗುಗಳ ಒತ್ತಡಕ್ಕೆ ಪರಸ್ಪರ ಕಚ್ಚಿಕೊಳ್ಳುತ್ತವೆ. ಪ್ರತಿ ಸಲ ಕಚ್ಚುವಾಗಲೂ ಬಿಡುವಾಗಲೂ ಕಾರ್ಕ್ ತುಸು ತುಸುವೇ ಸವೆಯುತ್ತದೆ. ಅದು ದೋಷವಲ್ಲ. ಗೇರುಗಳ ಹಲ್ಲು ಮುರಿಯದಿರಲಿ, ಚೈನು ಜಗ್ಗದಿರಲಿ ಎಂದು ಸವೆತವನ್ನು ತನ್ನ ಮೈಮೇಲೆ ಹಾಕಿಕೊಳ್ಳುವುದೇ ಅದಕ್ಕೆ ಒಪ್ಪಿಸಿದ ಕೆಲಸ. ಹಾಗಾಗಿ ಹಳೆಯ ಗಾಡಿಯನ್ನು ಮೊದಲಿನಂತೆ ಮಾಡಲು ಹೊರಟವರು ಕ್ಲಚ್ ಬಿಚ್ಚಿದ ದಿನವೇ ಒಂದು ಹಳೆಯ ಪ್ರಶ್ನೆಯ ಎದುರು ನಿಲ್ಲುತ್ತಾರೆ. ಸವೆದದ್ದನ್ನು ತೆಗೆದು ಹೊಸದನ್ನು ಕೂರಿಸಿದರೆ ಉಳಿಯುವುದು ಅದೇ ಗಾಡಿಯೇ? ಎಷ್ಟು ಬದಲಾದರೆ ಅದು ಬೇರೆಯಾಗುತ್ತದೆ?

ಕೊಡಗಿನಲ್ಲಿ ಈ ಪ್ರಶ್ನೆ ಪುಸ್ತಕದೊಳಗೇ ಉಳಿಯುವಂಥದ್ದಲ್ಲ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಮಡಿಕೇರಿಗೆ ಸುಮಾರು 120 ಕಿಲೋಮೀಟರ್ ದೂರ. ಅಲ್ಲಿ 1961ರಿಂದ 250 ಸಿಸಿಯ ಜಾವಾ ತಯಾರಾಯಿತು. 1970ರ ದಶಕದಲ್ಲಿ ಅದು ಯೆಜ್ಡಿ ಎಂಬ ಹೆಸರಿಗೆ ಬದಲಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಮದರಾಸಿನಲ್ಲಿ 1955ರಿಂದ ಜೋಡಣೆಯಾಗತೊಡಗಿದ ಬುಲೆಟ್ ಸೇನೆ ಬಳಸಿದ ಗಾಡಿ. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ಜಿಲ್ಲೆಯಲ್ಲಿ ಅದಕ್ಕೆ ಬೇರೆಯೇ ಗೌರವ. ಕಾಫಿ ತೋಟದ ಶೆಡ್ಡಿನಲ್ಲಿ ಅಜ್ಜನ ಕಾಲದ ಗಾಡಿಯೊಂದು ಟಾರ್ಪಾಲಿನ ಕೆಳಗೆ ನಿಂತಿದ್ದರೆ ಯಾರಿಗೂ ಅಚ್ಚರಿಯಾಗುವುದಿಲ್ಲ. ಹಾಗೆ ನಿಂತ ಗಾಡಿಗೆ ಮಳೆಗಾಲವೇ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಚೈನ್ ಕೇಸಿನೊಳಗೂ ಇಳಿಯುತ್ತದೆ. ಎಣ್ಣೆ ಸೋರಿಹೋಗಿದ್ದರೆ ಉಕ್ಕಿನ ಪ್ಲೇಟು ತುಕ್ಕು ಹಿಡಿದು ಕಾರ್ಕಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಲಿವರ್ ಎಷ್ಟು ಹಿಡಿದರೂ ಪ್ಲೇಟು ಬಿಡುವುದಿಲ್ಲ; ಗೇರ್ ಹಾಕಿದ ಕೂಡಲೇ ಗಾಡಿ ಮುಂದಕ್ಕೆ ಜಿಗಿದು ನಿಂತುಬಿಡುತ್ತದೆ.

ಬಿಚ್ಚುವ ಕೆಲಸ ಎಣ್ಣೆ ಇಳಿಸುವುದರಿಂದ ಶುರು. ಜಾವಾದಲ್ಲಿ ಕಿಕ್ಕರ್ ತೆಗೆದು ಎಡಗಡೆಯ ಕವರ್ ಬಿಚ್ಚಿದರೆ ಚೈನೂ ಕ್ಲಚ್ ಡ್ರಮ್ಮೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಸ್ಪ್ರಿಂಗ್ ತೆಗೆದ ಮೇಲೆ ಪ್ಲೇಟುಗಳನ್ನು ಒಂದೊಂದಾಗಿ ಹೊರಗೆಳೆದು, ಬಂದ ಕ್ರಮದಲ್ಲೇ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಡಬೇಕು. ಪರೀಕ್ಷೆ ನಡೆಯುವುದು ಇಲ್ಲೇ. ಕಾರ್ಕ್ ಕಪ್ಪಾಗಿ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಸುಟ್ಟಿದೆ, ಇನ್ನು ಹಿಡಿಯುವುದಿಲ್ಲ. ಉಕ್ಕಿನ ಪ್ಲೇಟನ್ನು ದಪ್ಪ ಗಾಜಿನ ಮೇಲಿಟ್ಟು ಅಂಚನ್ನು ಬೆರಳಿಂದ ಒತ್ತಿದಾಗ ಅದು ಆಡಿದರೆ ಸೊಟ್ಟಗಾಗಿದೆ ಎಂದು ಅರ್ಥ. ಮೇಲ್ಮೈಯಲ್ಲಿ ನೀಲಿ ಮಚ್ಚೆ ಕಂಡರೆ ಅದು ಮಿತಿಮೀರಿ ಕಾದಿದೆ. ಸ್ಪ್ರಿಂಗುಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಕುಗ್ಗಿದ್ದು ಯಾವುದೆಂದು ತಾನಾಗಿ ಗೊತ್ತಾಗುತ್ತದೆ.

ಇಷ್ಟನ್ನೂ ನೋಡಿದ ಮೇಲೆ ಡ್ರಮ್ಮಿನ ಅಂಚಿನ ಸೀಳುಗಳಿಗೆ ಕಣ್ಣು ಹಾಯಿಸಬೇಕು. ಪ್ಲೇಟುಗಳ ಹೊರಗಿನ ಕಿವಿಗಳು ಈ ಸೀಳುಗಳಲ್ಲಿ ಜಾರುತ್ತವೆ. ಗೇರ್ ಬದಲಿಸಿದಾಗಲೆಲ್ಲ, ಆಕ್ಸಿಲರೇಟರ್ ತಿರುವಿದಾಗಲೆಲ್ಲ ಪ್ರತಿ ಕಿವಿಯೂ ಸೀಳಿನ ಗೋಡೆಗೆ ಬಡಿಯುತ್ತದೆ. ಹತ್ತಾರು ವರ್ಷ ಕಳೆದ ಮೇಲೆ ಅಲ್ಲಿ ಸಣ್ಣ ಗುಳಿಗಳು ಬೀಳುತ್ತವೆ, ಪ್ಲೇಟಿಗೊಂದರಂತೆ, ಮೆಟ್ಟಿಲು ಕಡಿದ ಹಾಗೆ. ಕಿವಿ ಆ ಗುಳಿಯಲ್ಲಿ ಸಿಕ್ಕಿಕೊಂಡು ಪ್ಲೇಟು ಸಲೀಸಾಗಿ ಬೇರ್ಪಡುವುದಿಲ್ಲ. ಗುಳಿ ಆಳವಿಲ್ಲದಿದ್ದರೆ ಸಣ್ಣ ಅರ ಹಾಕಿ ಸೀಳನ್ನು ನೇರ ಮಾಡಬಹುದು. ಆಳವಾಗಿದ್ದರೆ ಡ್ರಮ್ಮನ್ನೇ ಬದಲಿಸಬೇಕು. ಸಂಪಾಜೆ ಘಾಟಿಯ ತಿರುವುಗಳಲ್ಲಿ ಎಷ್ಟು ಸಲ ಗೇರ್ ಇಳಿಸಿ ಏರಿಸಿದ್ದಾರೋ ಅದೆಲ್ಲದರ ಗುರುತು ಆ ಗುಳಿಗಳಲ್ಲೇ ಇರುತ್ತದೆ. ಅರ ಆಡಿದಾಗ ಉದುರುವ ಉಕ್ಕಿನ ಪುಡಿಯ ಜೊತೆಗೆ ಆ ಗುರುತೂ ಹೋಗುತ್ತದೆ. ಗಾಡಿಯನ್ನು ಉಳಿಸುವ ಕೈಯೇ ಅದರ ನೆನಪನ್ನು ಅಳಿಸುತ್ತದೆ ಎಂಬುದು ಈ ಕೆಲಸದಲ್ಲಿ ತಪ್ಪಿಸಿಕೊಳ್ಳಲಾಗದ ಸತ್ಯ.

ಹೊಸ ಕಾರ್ಕ್ ಪ್ಲೇಟನ್ನು ಒಣಗಿದ್ದ ಹಾಗೆಯೇ ಹಾಕಬಾರದು. ಒಂದು ರಾತ್ರಿ ಎಣ್ಣೆಯಲ್ಲಿ ನೆನೆಹಾಕಿ ಮರುದಿನ ಕೂರಿಸುವುದು ಬಲ್ಲವರ ಪದ್ಧತಿ. ಸ್ಪ್ರಿಂಗುಗಳನ್ನು ಸಮನಾಗಿ ಬಿಗಿದು, ಲಿವರ್ ಹಿಡಿದು ನೋಡಿದಾಗ ಒತ್ತುವ ಪ್ಲೇಟು ಎಲ್ಲ ಕಡೆಯೂ ಒಂದೇ ಅಳತೆಗೆ ಏಳಬೇಕು. ಒಂದು ಪಕ್ಕಕ್ಕೆ ವಾಲಿದರೆ ಮತ್ತೆ ಬಿಗಿ ಸರಿಪಡಿಸಬೇಕು. ಜಾವಾದಲ್ಲಿ ಇನ್ನೊಂದು ವಿಶೇಷವಿದೆ. ಅದರಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಸ್ಟಾರ್ಟ್ ಆದ ಮೇಲೆ ಅದೇ ಲಿವರನ್ನು ಒಳಕ್ಕೊತ್ತಿ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್ ಆಗುತ್ತದೆ. ಕಾಲಿಂದ ಅದನ್ನು ಒತ್ತಿದಾಗ ಕೈಯ ಲಿವರ್ ಮುಟ್ಟದಿದ್ದರೂ ಕ್ಲಚ್ ತಾನಾಗಿ ಬಿಡುತ್ತದೆ. ಆದ್ದರಿಂದ ಹೊಸ ಪ್ಲೇಟು ಕೂತ ಮೇಲೆ ಕೈಗೂ ಕಾಲಿಗೂ ಹೊಂದುವಂತೆ ಕ್ಲಚ್ಚನ್ನು ಸರಿಹೊಂದಿಸಬೇಕು. ಈ ಹೊಂದಾಣಿಕೆ ಕೂತ ಗಾಡಿಯನ್ನು ಹಳೆಯ ಸವಾರನೊಬ್ಬ ಹತ್ತಿದರೆ ಅವನ ಕಾಲು ಅದನ್ನು ಗುರುತಿಸುತ್ತದೆ.

ಪ್ಲೇಟುಗಳು ಪತ್ರಿಕೆಯ ಮೇಲೆ ಹರಡಿಕೊಂಡಿರುವಾಗ ಗಾಡಿ ಎಲ್ಲಿದೆ? ಭಾರತದ ದಾರ್ಶನಿಕರು ಈ ಪ್ರಶ್ನೆಯನ್ನು ರಥ, ಬಟ್ಟೆ, ಮಡಕೆಗಳನ್ನು ಮುಂದಿಟ್ಟುಕೊಂಡು ಕೇಳಿದ್ದಾರೆ. ಪಾಲಿ ಭಾಷೆಯ ಮಿಲಿಂದಪನ್ಹದಲ್ಲಿ ಭಿಕ್ಷು ನಾಗಸೇನ, ರಥದಲ್ಲಿ ಬಂದಿಳಿದ ಗ್ರೀಕ್ ಮೂಲದ ರಾಜ ಮಿಲಿಂದನನ್ನು ಪ್ರಶ್ನಿಸುತ್ತಾನೆ. ರಥವೆಂದರೆ ಅಚ್ಚೇ, ಗಾಲಿಯೇ, ನೊಗವೇ? ಯಾವುದೂ ಅಲ್ಲ. ಎಲ್ಲವನ್ನೂ ರಾಶಿ ಹಾಕಿದರೆ ರಥವೇ? ಅದೂ ಅಲ್ಲ. ಇವೆಲ್ಲ ಒಂದು ರೀತಿಯಲ್ಲಿ ಕೂಡಿದಾಗ ಜನ ವ್ಯವಹಾರಕ್ಕೆಂದು ಇಟ್ಟುಕೊಂಡ ಹೆಸರು ರಥ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಅದೇ ಗ್ರಂಥದಲ್ಲಿ ರಾತ್ರಿಯಿಡೀ ಉರಿಯುವ ದೀಪದ ಉದಾಹರಣೆಯೂ ಬರುತ್ತದೆ: ಮೊದಲ ಜಾವದ ಜ್ವಾಲೆ ಕೊನೆಯ ಜಾವದ್ದೇ ಅಲ್ಲ, ಹಾಗೆಂದು ಬೇರೆಯೂ ಅಲ್ಲ. ಕ್ಲಚ್ಚಿಗೆ ಈ ಉದಾಹರಣೆ ರಥಕ್ಕಿಂತ ಚೆನ್ನಾಗಿ ಒಪ್ಪುತ್ತದೆ. ಎಣ್ಣೆ, ಕಾರ್ಕ್, ಕೇಬಲ್ ಎಲ್ಲವೂ ಖರ್ಚಾಗುತ್ತ, ಹೊಸದಾಗುತ್ತ ಓಟ ಮುಂದುವರಿಯುತ್ತದೆ.

ನ್ಯಾಯ–ವೈಶೇಷಿಕರು ಇದಕ್ಕೆ ಒಪ್ಪುವುದಿಲ್ಲ. ಅವರ ಪ್ರಕಾರ ಅವಯವಗಳಿಂದ ಹುಟ್ಟುವ ಅವಯವಿ, ಎಂದರೆ ಇಡಿ, ಬರಿಯ ಹೆಸರಲ್ಲ, ನಿಜವಾದ ವಸ್ತು. ನೂಲುಗಳಲ್ಲಿ ನೆಲೆಸಿಯೂ ನೂಲಿಗಿಂತ ಬೇರೆಯಾದದ್ದು ಬಟ್ಟೆ. ಆದರೆ ಈ ನಿಲುವಿಗೆ ತೆರಬೇಕಾದ ಬೆಲೆ ದೊಡ್ಡದು. ಒಂದು ನೂಲು ಎಳೆದರೂ ಹಳೆಯ ಬಟ್ಟೆ ನಾಶವಾಗಿ ಹೊಸ ಬಟ್ಟೆ ಹುಟ್ಟಿತೆಂದು ಅವರು ಒಪ್ಪಲೇಬೇಕು, ಒಪ್ಪಿದ್ದಾರೆ ಕೂಡ. ಈ ಲೆಕ್ಕದಲ್ಲಿ ಒಂದೇ ಒಂದು ಕಾರ್ಕ್ ಪ್ಲೇಟು ಬದಲಾದರೂ ಗೋಣಿಕೊಪ್ಪಲಿನ ಗ್ಯಾರೇಜಿಗೆ ಬಂದ ಗಾಡಿ ಒಂದು, ಹೊರಟ ಗಾಡಿ ಇನ್ನೊಂದು. ಮನುಷ್ಯನ ವಿಷಯದಲ್ಲಿ ನೈಯಾಯಿಕರಿಗೆ ತೊಂದರೆಯಿಲ್ಲ. ಮೈ ಬದಲಾದರೂ ನಿತ್ಯವಾದ ಆತ್ಮ ಇದೆ. ಗಾಡಿಗೆ ಅಂಥ ಆಸರೆ ಇಲ್ಲ. ಜೈನರ ದಾರಿ ಇವೆರಡರ ನಡುವಿನದು. ಪ್ರತಿ ವಸ್ತುವಿನಲ್ಲೂ ಹುಟ್ಟು, ಅಳಿವು, ನಿಲುವು ಮೂರೂ ಒಟ್ಟಿಗೇ ಇರುತ್ತವೆ, ಪರ್ಯಾಯಗಳು ಎಂದರೆ ಅವಸ್ಥೆಗಳು ಬದಲಾದರೂ ದ್ರವ್ಯ ನಿಲ್ಲುತ್ತದೆ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಸುಂದರವಾದ ಮಾತು. ಆದರೆ ಗಾಡಿಯಲ್ಲಿ ಆ ದ್ರವ್ಯ ಯಾವುದು ಎಂದು ಕೇಳಿದರೆ ಮೆಕ್ಯಾನಿಕ್ಕಿಗೆ ಸ್ಪಷ್ಟ ಉತ್ತರ ಸಿಗುವುದಿಲ್ಲ.

ಯುರೋಪಿನಲ್ಲಿ ಇದೇ ಪ್ರಶ್ನೆ ಥೀಸಿಯಸನ ಹಡಗಿನ ಹೆಸರಿನಲ್ಲಿ ಬೆಳೆಯಿತು. ಕೊಳೆತ ಹಲಗೆಗಳನ್ನು ತೆಗೆದು ಹೊಸದನ್ನು ಹಾಕುತ್ತಾ ಅಥೆನ್ಸಿನವರು ಆ ಹಡಗನ್ನು ಕಾಪಾಡಿದರೆಂದು ಪ್ಲೂಟಾರ್ಕ್ ಬರೆದ. ಹದಿನೇಳನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್ ಅದಕ್ಕೊಂದು ತೊಡಕು ಸೇರಿಸಿದ: ತೆಗೆದ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು ಅದೇ ಕ್ರಮದಲ್ಲಿ ಮತ್ತೊಂದು ಹಡಗು ಕಟ್ಟಿದರೆ ನಿಜವಾದದ್ದು ಯಾವುದು? ಹಳೆಯ ಗಾಡಿಗಳ ಲೋಕದಲ್ಲಿ ಇದು ಬರಿಯ ಕಲ್ಪನೆಯಲ್ಲ. ಒಂದೇ ಗಾಡಿಯ ಟ್ಯಾಂಕು ಒಂದೂರಿಗೆ, ಇಂಜಿನ್ ಇನ್ನೊಂದೂರಿಗೆ, ಆರ್.ಸಿ. ಪುಸ್ತಕ ಮೂರನೆಯವರ ಕೈಗೆ ಹೋಗುವುದುಂಟು. ಮೂವರೂ ಒಂದೊಂದು ಗಾಡಿ ಕಟ್ಟಿ ತಮ್ಮದೇ ಅಸಲಿ ಎನ್ನಬಹುದು.

ಅಲ್ಲಿ ಕಾನೂನು ತನ್ನ ಗೆರೆ ಎಳೆಯುತ್ತದೆ. ಆರ್.ಸಿ.ಯಲ್ಲಿ ಗಾಡಿಯ ಗುರುತೆಂದರೆ ಚಾಸಿಸ್ ನಂಬರು ಮತ್ತು ಇಂಜಿನ್ ನಂಬರು. ದಾಖಲಾದ ವಿವರಕ್ಕೆ ಹೊಂದದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಿ ಬರುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದು ಬೇರೆಯೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ಗಾಡಿಗೆ ‘ವಿಎ’ ಅಕ್ಷರಗಳಿರುವ ನಂಬರು ಸಿಗುತ್ತದೆ. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿಸ್, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದೆಂಬುದು ಷರತ್ತು. ಕ್ಲಚ್ ಪ್ಲೇಟಿನ ಮಾತು ಅಲ್ಲಿಲ್ಲ. ಸವೆಯುವ ಭಾಗವನ್ನು ಬದಲಿಸಿದ್ದಕ್ಕೆ ಮೂಲ ರೂಪ ಕೆಡುವುದಿಲ್ಲ ಎಂಬುದು ಇದರ ಒಳಾರ್ಥ.

ಈ ಗೆರೆಯನ್ನು ಕಾನೂನಿಗಿಂತ ಬಹಳ ಮೊದಲೇ ದೇವಸ್ಥಾನಗಳು ಎಳೆದಿದ್ದವು. ಜೀರ್ಣೋದ್ಧಾರದ ಆಗಮ ವಿಧಿಗಳು ಮೂರ್ತಿಯ ಭಾಗಗಳನ್ನು ಅಂಗ, ಉಪಾಂಗ ಎಂದು ಬೇರ್ಪಡಿಸುತ್ತವೆ. ಬೆರಳು, ಆಭರಣದಂಥವು ಮುಕ್ಕಾದರೆ ದುರಸ್ತಿಗೆ ಅವಕಾಶವಿದೆ; ಪ್ರಧಾನ ಅಂಗವೇ ಭಗ್ನವಾದರೆ ಮೂರ್ತಿಯನ್ನು ವಿಸರ್ಜಿಸಿ ಹೊಸದನ್ನು ಪ್ರತಿಷ್ಠಿಸಬೇಕು. ಅದಕ್ಕಿಂತ ಮುಖ್ಯವಾದದ್ದು ಕಲಾಕರ್ಷಣ. ಉಳಿ ಮುಟ್ಟುವ ಮೊದಲು ಮೂರ್ತಿಯಲ್ಲಿನ ಸಾನ್ನಿಧ್ಯವನ್ನು ಕಲಶದ ನೀರಿಗೆ ಇಳಿಸಿ, ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿಟ್ಟು ಪೂಜಿಸಿ, ಕೆಲಸ ಮುಗಿದ ಮೇಲೆ ಮರಳಿ ತುಂಬುತ್ತಾರೆ. ಪುರಿಯಲ್ಲಿ ಇದು ಇನ್ನೂ ಮುಂದಕ್ಕೆ ಹೋಗುತ್ತದೆ. ಜಗನ್ನಾಥನ ದಾರುಮೂರ್ತಿ ನವಕಲೇವರದಲ್ಲಿ ಇಡಿಯಾಗಿ ಬದಲಾಗುತ್ತದೆ, ಈಚೆಗೆ 1996 ಮತ್ತು 2015ರಲ್ಲಿ ಬದಲಾಗಿದೆ. ಮೂರ್ತಿಯೊಳಗಿನ ಬ್ರಹ್ಮಪದಾರ್ಥ ಮಾತ್ರ ಹಳೆಯದರಿಂದ ಹೊಸದಕ್ಕೆ ದಾಟುತ್ತದೆ. ಭಕ್ತನಿಗೆ ಅಲ್ಲಿರುವವನು ಅದೇ ಜಗನ್ನಾಥ. ಬಿಚ್ಚಿಟ್ಟ ಗಾಡಿಗೆ ಕಲಶವಿಲ್ಲ. ಅದರ ಬದಲು ಪತ್ರಿಕೆಯ ಮೇಲಿನ ಸಾಲಿದೆ: ಯಾವ ವಾಷರ್ ಯಾವುದರ ಕೆಳಗೆ, ಯಾವ ಪ್ಲೇಟು ಎಷ್ಟನೆಯದು ಎಂಬ ಕ್ರಮ, ಆ ಕ್ರಮವನ್ನು ಬಲ್ಲ ಕೈ. ಕ್ರಮ ತಪ್ಪದಿರುವವರೆಗೆ ಬಿಡಿಭಾಗಗಳ ನಡುವೆಯೂ ಗಾಡಿ ಇದೆ. ಸಾಲು ಕಲಸಿಹೋದರೆ ಉಳಿಯುವುದು ಗುಜರಿ.

ಕೊಡಗಿನಲ್ಲೇ ಹುಟ್ಟಿದ ಉತ್ತರ ಇದಕ್ಕಿಂತ ಗಟ್ಟಿ. ಅದರ ಹೆಸರು ಒಕ್ಕ. ಒಬ್ಬ ಮೂಲಪುರುಷನಿಂದ ಬಂದವರೆಲ್ಲ ಸೇರಿದ ಕೊಡವ ಕುಲಕುಟುಂಬಕ್ಕೆ ಐನ್‌ಮನೆ ಎಂಬ ಒಂದು ಮೂಲಮನೆ, ಒಂದು ಹೆಸರು, ಆ ಪೂರ್ವಜನಾದ ಗುರು ಕಾರಣನ ನೆನಪಿಗೆ ಕೈಮಡ ಎಂಬ ಒಂದು ಗುಡಿ. ಒಕ್ಕದ ಯಜಮಾನರಾದ ಪಟ್ಟೆದಾರರು ಬದಲಾಗುತ್ತಾರೆ, ಹುಲ್ಲಿನ ಮಾಡು ಹೋಗಿ ಹೆಂಚು ಬರುತ್ತದೆ, ನೂರು ವರ್ಷದ ಹಿಂದೆ ಇದ್ದವರಲ್ಲಿ ಇಂದು ಒಬ್ಬರೂ ಇರುವುದಿಲ್ಲ, ಒಕ್ಕ ಅದೇ. ಎಂ.ಎನ್. ಶ್ರೀನಿವಾಸ್ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಕ್ಕವೆಂದರೆ ಈಗ ಬದುಕಿರುವವರ ಗುಂಪಷ್ಟೇ ಅಲ್ಲ, ಸತ್ತವರನ್ನೂ ಹುಟ್ಟಲಿರುವವರನ್ನೂ ಒಳಗೊಂಡ ಪ್ರವಾಹ ಎಂದು ವಿವರಿಸಿದ್ದಾರೆ. ಬೌದ್ಧರು ಹೇಳುವ ಬರಿಯ ಹೆಸರಿಗಿಂತ ಇದು ಹೆಚ್ಚು, ಏಕೆಂದರೆ ಒಕ್ಕಕ್ಕೆ ಭೂಮಿಯಿದೆ, ಹೊಣೆಯಿದೆ, ಮಾನವಿದೆ. ನೈಯಾಯಿಕರ ಆತ್ಮದಂತೆ ಬದಲಾಗದ ತಿರುಳೂ ಅಲ್ಲ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರುವ ರೀತಿಯಲ್ಲಿ ಅದರ ನಿರಂತರತೆ ಇದೆ.

ಆ ರೀತಿ ಗುಟ್ಟಿನದಲ್ಲ ಎಂಬುದನ್ನು ಗಮನಿಸಬೇಕು. ಗಂಡುಸಂತಾನವಿಲ್ಲದೆ ಒಕ್ಕ ಅಳಿಯುವಂತಿದ್ದರೆ ‘ಒಕ್ಕಪರಿಜೆ’ ಎಂಬ ಮದುವೆಗೆ ಅವಕಾಶವಿದೆ. ಗಂಡ ಹೆಂಡತಿಯ ಒಕ್ಕಕ್ಕೆ ಸೇರುತ್ತಾನೆ, ಮಕ್ಕಳು ಆ ಒಕ್ಕದ ಹೆಸರು ಹೊರುತ್ತಾರೆ. ಸಾಮಾನ್ಯ ಮದುವೆಯಲ್ಲೂ ಹೆಣ್ಣು ಗಂಡಿನ ಒಕ್ಕಕ್ಕೆ ಸೇರುವಾಗ ‘ಸಮ್ಮಂದ’ ಕೊಡುವ ವಿಧಿ ನಡೆಯುತ್ತದೆ. ಎರಡೂ ಕಡೆಯ ಪರವಾಗಿ ಮಾತಾಡುವ ಅರುವರು ಎದುರುಬದುರು ನಿಂತು, ಅವಳಿಗೆ ಹೊಸ ಒಕ್ಕದಲ್ಲಿ ಸಲ್ಲುವ ಹಕ್ಕುಗಳನ್ನು ಆಡಿ ತೋರಿಸಿ, ಅದರ ಗುರುತಾಗಿ ಹರಳುಕಲ್ಲುಗಳನ್ನು ಎಣಿಸಿ ಕೊಡುತ್ತಾರೆ. ಯಾರು ಬಂದರು, ಎಲ್ಲಿಂದ ಬಂದರು, ಯಾವ ಹಕ್ಕಿನಿಂದ ಬಂದರು ಎಂಬುದಕ್ಕೆ ನೆರೆದವರೇ ಸಾಕ್ಷಿ. ಹೊಸಬರು ಬಂದದ್ದರಿಂದ ಒಕ್ಕ ಬೇರೆಯಾಗುವುದಿಲ್ಲ; ಸಾಕ್ಷಿಯಿಲ್ಲದೆ ಒಳಬಂದವರಿಂದ ಮಾತ್ರ ಅದರ ಎಳೆ ಕಡಿಯುತ್ತದೆ.

ಕೈಲ್‌ಪೊಳ್ದ್ ಹಬ್ಬದಲ್ಲಿ ಇದೇ ತಿಳಿವಳಿಕೆ ವಸ್ತುಗಳಿಗೂ ಹರಡುತ್ತದೆ. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ 3ರ ಸುಮಾರಿಗೆ, ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ಒರೆಸಿ, ತೋಕ್ ಪೂವಿನಿಂದ ಅಲಂಕರಿಸಿ, ದೀಪದೆದುರು ಇಟ್ಟು ಪೂಜಿಸುತ್ತಾರೆ. ಅಜ್ಜನ ಕೋವಿಗೆ ಮರದ ಹಿಡಿ ಬದಲಾಗಿರಬಹುದು, ಗುಂಡು ಹಾರಿಸುವ ಕುದುರೆ ಬದಲಾಗಿರಬಹುದು. ಪೂಜೆ ಸಲ್ಲುವುದು ಮರಕ್ಕೋ ಕಬ್ಬಿಣಕ್ಕೋ ಎಂದು ಯಾರೂ ಕೇಳುವುದಿಲ್ಲ. ಆ ಮನೆಯಲ್ಲಿ ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸಿ ಊರಿಗೆ ಸುದ್ದಿ ಮುಟ್ಟಿಸಿದ್ದು ಆ ಕೋವಿ. ಒಕ್ಕಕ್ಕೆ ಬಂದವರನ್ನೂ ಹೋದವರನ್ನೂ ಸಾರಿದ ಸೇವೆ ಅದರದು, ಪೂಜೆ ಆ ಸೇವೆಗೆ. ಆಯುಧಪೂಜೆಯ ದಿನ ಮೋಟಾರ್ ಸೈಕಲ್ಲಿಗೆ ಹಾರ ಹಾಕಿ ನಿಂಬೆಹಣ್ಣು ಇಡುವಾಗಲೂ ಇದಕ್ಕಿಂತ ಬೇರೆ ಅರ್ಥ ಹುಡುಕಬೇಕಿಲ್ಲ. ಉಳುವ, ಕಡಿಯುವ, ಹೊರುವ ಕೆಲಸ ಮಾಡಿದ್ದಕ್ಕೆ ಆ ಮರ್ಯಾದೆ.

ಹೀಗೆ ನೋಡಿದರೆ ಕಾರ್ಕ್ ಪ್ಲೇಟು ಬದಲಾದ ಜಾವಾ ಅದೇ ಜಾವಾ. ಹಳೆಯ ಪ್ಲೇಟನ್ನೇ ಉಳಿಸುವ ಹಟದಲ್ಲಿ ಗಾಡಿಯನ್ನು ಓಡದಂತೆ ನಿಲ್ಲಿಸಿದರೆ ವಸ್ತು ಉಳಿಯುತ್ತದೆ, ಸೇವೆ ನಿಲ್ಲುತ್ತದೆ. ಹನ್ನೆರಡನೆಯ ಶತಮಾನದ ಶರಣರು ನಿಂತದ್ದು ಸ್ಥಾವರ, ಚಲಿಸುವುದು ಜಂಗಮ ಎಂದು ತೋರಿಸಿದ ಭೇದ ಇಲ್ಲಿಗೂ ಅನ್ವಯಿಸುತ್ತದೆ. ವಸ್ತುಸಂಗ್ರಹಾಲಯದ ಗಾಡಿಯ ಮಾತು ಬೇರೆ. ಅದರ ಕೆಲಸವೇ ತನ್ನ ಕಾಲವನ್ನು ಇದ್ದ ಹಾಗೆ ತೋರಿಸುವುದು. ಅಲ್ಲಿ ಗುಳಿ ಬಿದ್ದ ಡ್ರಮ್ಮಿಗೆ ಅರ ಹಾಕದಿರುವುದೇ ಸರಿ. ಘಾಟಿ ಹತ್ತಬೇಕಾದ ಗಾಡಿಯಲ್ಲಿ ಹಾಗೆ ಬಿಟ್ಟರೆ ಇಳಿಜಾರಿನಲ್ಲಿ ಅಪಾಯ ಸವಾರನಿಗೆ.

ನಿಜವಾದ ದೋಷ ಬೇರೆ ಕಡೆ ಇದೆ. ಡೂಪ್ಲಿಕೇಟ್ ಪ್ಲೇಟು ಹಾಕಿ ಕಂಪನಿಯ ಹಳೆಯ ಸ್ಟಾಕ್ ಎಂದು ಹೇಳುವುದು, ಬೇರೆ ಇಂಜಿನ್ ಕೂರಿಸಿ ನಂಬರು ತಿದ್ದಿ ಬಡಿಯುವುದು, ಮೂರು ಗಾಡಿಯಿಂದ ಒಂದನ್ನು ಕಟ್ಟಿ ಒಬ್ಬನೇ ಯಜಮಾನನ ಗಾಡಿ ಎಂದು ಮಾರುವುದು. ಹೊಸ ಭಾಗ ಗಾಡಿಯನ್ನು ಬೇರೆಯಾಗಿಸಲಿಲ್ಲ, ಸಾಕ್ಷಿಯಿಲ್ಲದ ಬದಲಾವಣೆ ಬೇರೆಯಾಗಿಸಿತು. ಕೊಳ್ಳುವವನಿಗೆ ಆಗುವ ನಷ್ಟ ಹಣದ್ದಷ್ಟೇ ಅಲ್ಲ. ತಾನು ಯಾವ ಪರಂಪರೆಗೆ ಸೇರಿದೆನೆಂದು ನಂಬಿದನೋ ಅದೇ ಸುಳ್ಳಾಗುತ್ತದೆ.

ಆದ್ದರಿಂದ ಹಳೆಯ ಗಾಡಿಯ ಕ್ಲಚ್ ಬಿಚ್ಚುವವರು ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಲಿ. ಯಾವ ತಾರೀಖಿನಂದು ಯಾವ ಪ್ಲೇಟು ಹೋಯಿತು, ಹೊಸದು ಎಲ್ಲಿಯದು, ಡ್ರಮ್ಮಿಗೆ ಅರ ಹಾಕಿದ್ದೋ ಡ್ರಮ್ಮೇ ಬದಲಾದದ್ದೋ ಎಂದು ಅದರಲ್ಲಿ ಬರೆಯಲಿ. ಅರ ಹಾಕುವ ಮೊದಲು ಗುಳಿಗಳದ್ದೊಂದು ಫೋಟೋ ತೆಗೆಯಲಿ. ತೆಗೆದ ಪ್ಲೇಟುಗಳಲ್ಲಿ ಒಂದನ್ನಾದರೂ ಒರೆಸಿ, ಬಟ್ಟೆಯಲ್ಲಿ ಸುತ್ತಿ, ಗಾಡಿ ಕೈಬದಲಾದಾಗ ನೋಟ್‌ಬುಕ್ಕಿನ ಜೊತೆಗೆ ಕೊಡಲಿ. ಕಾರ್ಕ್ ಪ್ಲೇಟಿಗೆ ಹೆಚ್ಚು ತೂಕವಿಲ್ಲ; ಆರ್.ಸಿ. ಪುಸ್ತಕ ಇಡುವ ಪೆಟ್ಟಿಗೆಯಲ್ಲೇ ಅದಕ್ಕೂ ಜಾಗವಾಗುತ್ತದೆ.